ಇಮೇಲ್ ಹೊರಗೆ ಕೊಡಿ, ಡೊಮೇನ್ ಕೈಯಲ್ಲಿಟ್ಟುಕೊಳ್ಳಿ

ಮಾನ್ಯ ಸಂಪಾದಕರೇ,

ವಸಂತನರಸಾಪುರ, ಹಿರೇಹಳ್ಳಿ, ಅಂತರಸನಹಳ್ಳಿಯ ಸಣ್ಣ ಕೈಗಾರಿಕೆಗಳಲ್ಲಿ, ತುಮಕೂರು ನಗರದ ಲೆಕ್ಕ ಪರಿಶೋಧಕರ ಕಚೇರಿ, ನರ್ಸಿಂಗ್ ಹೋಮ್‌ಗಳಲ್ಲಿ ಕಂಪನಿ ಹೆಸರಿನ ಇಮೇಲ್ ಈಗ ಮಾಮೂಲಿ. ಸ್ವಂತ ಸರ್ವರ್ ಇಟ್ಟು ನೋಡಿಕೊಳ್ಳುವಷ್ಟು ಜನ, ಹೊತ್ತು ಇಂಥ ಕಡೆ ಇರುವುದಿಲ್ಲ. ಸರ್ವರ್ ಬಾಡಿಗೆಗೆ ಕೊಡುವ ಹೋಸ್ಟಿಂಗ್ ಸಂಸ್ಥೆಗೆ ವಹಿಸುವುದೇ ಸರಿ. ಆದರೆ ವಹಿಸುವಾಗ ಏನೇನು ಕೈಬಿಟ್ಟು ಹೋಗುತ್ತದೆ ಎಂಬುದನ್ನು ಮಾಲೀಕರಿಗೆ ಯಾರೂ ಬಿಡಿಸಿ ಹೇಳುತ್ತಿಲ್ಲ.

ಬ್ರೌಸರ್‌ನಲ್ಲಿ ಕಾಣುವ ಬೀಗದ ಗುರುತು ಮೇಲ್ ಸಾಗುವ ದಾರಿಗಷ್ಟೇ ಕಾವಲು. ಒಂದೇ ಸರ್ವರನ್ನು ಹಲವು ಗ್ರಾಹಕರು ಹಂಚಿಕೊಳ್ಳುವ ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲಿ ಪ್ರತಿ ಮೇಲ್ ಸಾಮಾನ್ಯವಾಗಿ ಸರ್ವರ್‌ನಲ್ಲಿ ಒಂದೊಂದು ಫೈಲ್ ಆಗಿ ಕೂರುತ್ತದೆ. ಸರ್ವರ್‌ನ ಪೂರ್ಣ ಅಧಿಕಾರ ಕೊಡುವ ರೂಟ್ ಪಾಸ್‌ವರ್ಡ್ ಇದ್ದವರು ಅದನ್ನು ಸಾಧಾರಣ ಎಡಿಟರ್‌ನಲ್ಲಿ ತೆರೆದರೆ ಕಳಿಸಿದವರು, ವಿಷಯ, ಒಕ್ಕಣೆ ಎಲ್ಲ ಕಾಣುತ್ತದೆ. ಅಟ್ಯಾಚ್‌ಮೆಂಟ್ ಇದ್ದ ಜಾಗದಲ್ಲಿ ಅರ್ಥವಾಗದ ಅಕ್ಷರಗಳ ಸಾಲುಗಳಿರುತ್ತವೆ. ಪಿಡಿಎಫ್ ಆದರೆ ಆ ಸಾಲು ಸಾಮಾನ್ಯವಾಗಿ ಜೆ-ವಿ-ಬಿ-ಇ-ಆರ್ ಎಂದೇ ಶುರುವಾಗುತ್ತದೆ. ಅದು ಗೂಢಲಿಪಿಯಲ್ಲ, ಬೇಸ್64 ಎಂಬ ಬರೆಯುವ ಕ್ರಮ. ಒಂದೇ ಸಾಲಿನ ಕಮಾಂಡ್‌ಗೆ ಸಂಬಳದ ಪಟ್ಟಿ, ಪ್ಯಾನ್ ಕಾರ್ಡ್, ಲ್ಯಾಬ್ ವರದಿ ಇದ್ದಂತೆಯೇ ಹೊರಬರುತ್ತದೆ. ದೊಡ್ಡ ಸಂಸ್ಥೆಗಳಲ್ಲಿ ಡಿಸ್ಕ್‌ನ ಮಾಹಿತಿ ಎನ್‌ಕ್ರಿಪ್ಟ್ ಆಗಿ, ಅಂದರೆ ಗೂಢಲಿಪಿಯಲ್ಲಿರುತ್ತದೆ, ಆದರೆ ಸಾಮಾನ್ಯ ಪ್ಲಾನ್‌ಗಳಲ್ಲಿ ಅದನ್ನು ಬಿಡಿಸುವ ಕೀ ಆ ಸಂಸ್ಥೆಯ ಬಳಿಯೇ ಇರುತ್ತದೆ. ಅಮೆರಿಕದ 2018ರ ಕ್ಲೌಡ್ ಕಾಯ್ದೆಯಂತೆ, ಮಾಹಿತಿ ಮುಂಬೈಯಲ್ಲಿದ್ದರೂ ಅಮೆರಿಕದ ಕಂಪನಿಗೆ ಅದನ್ನು ಒಪ್ಪಿಸುವ ಆದೇಶ ಬರಬಹುದು. ಆದರೂ ಇಲ್ಲಿನ ಒಂದು ವರ್ಕ್‌ಶಾಪಿಗೆ ಅದಕ್ಕಿಂತ ದೊಡ್ಡ ಅಪಾಯ ರೀಸೆಲ್ಲರ್‌ನ (ಹೋಸ್ಟಿಂಗ್ ಕೊಂಡು ಮರುಮಾರುವವರ) ಕಂಪ್ಯೂಟರಿನಲ್ಲಿ ಉಳಿದುಹೋಗುವ ಬ್ಯಾಕಪ್ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಆದ್ದರಿಂದ ಗುಟ್ಟಿನ ಕಾಗದಗಳನ್ನು ಸೆವೆನ್‌ಜಿಪ್ ತಂತ್ರಾಂಶದಲ್ಲಿ '7ಝೆಡ್' ರೂಪಕ್ಕೆ ಕಟ್ಟಿ, ಎಇಎಸ್-256 ಎಂಬ ಗೂಢಲಿಪಿ ಕ್ರಮದಲ್ಲಿ ಪಾಸ್‌ವರ್ಡ್ ಹಾಕಿ ಕಳಿಸಬೇಕು. ಫೈಲ್ ಹೆಸರುಗಳನ್ನೂ ಮುಚ್ಚುವ ಆಯ್ಕೆಗೆ ಟಿಕ್ ಹಾಕದಿದ್ದರೆ ಒಳಗೇನಿದೆ ಎಂದು ಹೆಸರೇ ಹೇಳಿಬಿಡುತ್ತದೆ. ಪಾಸ್‌ವರ್ಡನ್ನು ಫೋನಿನಲ್ಲಿ ತಿಳಿಸಿ, ಅದೇ ಮೇಲ್‌ನಲ್ಲಲ್ಲ. ಇಷ್ಟು ಮಾಡಿದರೂ ವಿಷಯದ ಸಾಲು ತೆರೆದೇ ಇರುತ್ತದೆ. ಅಲ್ಲಿ ರೋಗಿಯ ಹೆಸರು, ಕೊಟೇಷನ್ ಮೊತ್ತ ಬರೆಯಬಾರದು.

ಡೊಮೇನ್, ಅಂದರೆ ಇಮೇಲ್ ವಿಳಾಸದಲ್ಲಿ @ ಗುರುತಿನ ನಂತರ ಬರುವ ಹೆಸರಿನ ವಿಚಾರ ಇನ್ನೂ ಮುಖ್ಯ. ವೆಬ್‌ಸೈಟ್ ಮಾಡಿಕೊಟ್ಟವರೇ ತಮ್ಮ ಹೆಸರಿನಲ್ಲಿ ಡೊಮೇನ್ ನೋಂದಾಯಿಸಿಕೊಂಡಿದ್ದರೆ ಅದು ಜಮೀನು ನಮ್ಮದು, ಪಹಣಿ ಇನ್ನೊಬ್ಬರದು ಎಂದಂತೆ. ನೋಂದಣಿದಾರರ ಜಾಗದಲ್ಲಿ ನಿಮ್ಮ ಸಂಸ್ಥೆಯ ಹೆಸರಿರಲಿ. ಅಲ್ಲಿ ಕೊಡುವ ಇಮೇಲ್ ವಿಳಾಸ ಅದೇ ಡೊಮೇನಿನದಾಗಿರಬಾರದು, ಡೊಮೇನ್ ನಿಂತ ದಿನ ಎಚ್ಚರಿಕೆಯ ಪತ್ರವೂ ತಲುಪುವುದಿಲ್ಲ. ಅವಧಿ ಮುಗಿದ ಡೊಮೇನನ್ನು ಬೇರೆಯವರು ಕೊಂಡರೆ ಆಮೇಲೆ ಬರುವ ಮೇಲ್ ಎಲ್ಲ ಅವರಿಗೇ, ಪಾಸ್‌ವರ್ಡ್ ಬದಲಿಸುವ ಲಿಂಕ್‌ಗಳೂ ಸೇರಿ.

ಹೋಸ್ಟಿಂಗ್ ಬದಲಿಸುವಾಗ ಆಗುವ ಸೋರಿಕೆ ಬಹಳ ಜನರ ಗಮನಕ್ಕೇ ಬರುವುದಿಲ್ಲ. ಡೊಮೇನಿನ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಎಂದು ಹೇಳುವ ಎಂಎಕ್ಸ್ ದಾಖಲೆಯ ಟಿಟಿಎಲ್, ಅಂದರೆ ಹಳೆಯ ಮಾಹಿತಿಯನ್ನು ಇತರ ಸರ್ವರ್‌ಗಳು ನೆನಪಿಟ್ಟುಕೊಳ್ಳುವ ಅವಧಿ, ಹಲವೆಡೆ 14400 ಸೆಕೆಂಡ್, ಅಂದರೆ 4 ಗಂಟೆ ಇರುತ್ತದೆ. ಹಿಂದಿನ ದಿನವೇ ಅದನ್ನು 300ಕ್ಕೆ ಇಳಿಸದಿದ್ದರೆ ಹೊಸ ಪತ್ರಗಳು ಅಷ್ಟು ಹೊತ್ತು ಹಳೆಯ ಸರ್ವರ್‌ಗೇ ಹೋಗಬಹುದು. ಅದಕ್ಕಿಂತ ಕೆಟ್ಟದ್ದು, ಹಳೆಯ ಸರ್ವರ್‌ನಲ್ಲಿ ನಿಮ್ಮ ಡೊಮೇನ್ 'ಲೋಕಲ್' (ಇಲ್ಲಿಯದೇ) ಎಂದೇ ಉಳಿದರೆ ಅದೇ ಸರ್ವರ್‌ನ ಇತರ ಗ್ರಾಹಕರು ನಿಮಗೆ ಬರೆದ ಮೇಲ್ ಹೊರಗೇ ಬಾರದೆ ಹಳೆಯ ಪೆಟ್ಟಿಗೆಗೆ ಬೀಳುತ್ತದೆ, ತಿಂಗಳುಗಟ್ಟಲೆ. ಕಳಿಸಿದವರಿಗೂ ದೋಷದ ಸಂದೇಶ ಬರುವುದಿಲ್ಲ. ಅದನ್ನು 'ರಿಮೋಟ್' (ಹೊರಗಿನದು) ಮಾಡಿಸಿ, ಹಳೆಯ ಪೆಟ್ಟಿಗೆಯನ್ನು ಐಮ್ಯಾಪ್ ಎಂಬ ಮೇಲ್ ಓದುವ ವಿಧಾನದ ಮೂಲಕ ಪೂರ್ತಿ ಇಳಿಸಿಕೊಂಡ ಮೇಲೆ ಖಾತೆ ಮತ್ತು ಬ್ಯಾಕಪ್ ಅಳಿಸಿದ್ದಾಗಿ ಬರಹದಲ್ಲಿ ಪಡೆಯಿರಿ.

ಕೆಲಸ ಬಿಟ್ಟವರ ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು. ಅವರ ಸ್ವಂತ ವಿಳಾಸಕ್ಕೆ ಹಾಕಿಕೊಂಡ ಫಾರ್ವರ್ಡಿಂಗ್ ಹಾಗೇ ಓಡುತ್ತಿರುತ್ತದೆ, ಅದನ್ನೂ ನೋಡಿ ತೆಗೆಯಬೇಕು. ಫೋನಿನ ಮೇಲ್ ಆ್ಯಪ್‌ನಲ್ಲಿ ಪೋರ್ಟ್ ಸಂಖ್ಯೆ 143 ಅಥವಾ 110ರ ಬದಲು ದಾರಿಯನ್ನು ಗೂಢಲಿಪಿಯಲ್ಲಿಡುವ 993 ಅಥವಾ 995 ಇರಲಿ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರಂತೆ ಕೆಲಸ ಹೊರಗೆ ಕೊಟ್ಟರೂ ಹೊಣೆ ಕೊಟ್ಟವರದ್ದೇ, ಅದೂ ಸರಿಯಾದ ಒಪ್ಪಂದವಿದ್ದರೆ ಮಾತ್ರ ಕೊಡಬಹುದು. ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದಂತೆ ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು. ಬಿಲ್ ಬಿಟ್ಟು ಬೇರೆ ಕಾಗದವೇ ಇಲ್ಲದೆ ನಡೆಯುವ ರೀಸೆಲ್ಲರ್ ವ್ಯವಹಾರದಲ್ಲಿ ಇದನ್ನೆಲ್ಲ ಯಾರು, ಯಾವಾಗ ತಿಳಿಸುತ್ತಾರೆ?

ಬ್ಯಾಕಪ್ ಎಲ್ಲಿ, ಎಷ್ಟು ದಿನ ಇರುತ್ತದೆ, ಪೆಟ್ಟಿಗೆ ಯಾರು ತೆರೆಯಬಹುದು, ಸೋರಿಕೆಯಾದರೆ ಎಷ್ಟು ಗಂಟೆಯೊಳಗೆ ತಿಳಿಸಬೇಕು, ಬಿಟ್ಟು ಹೋಗುವಾಗ ಏನು ಅಳಿಸಬೇಕು ಎಂಬುದಿಷ್ಟನ್ನೂ ಬರೆದ ಎರಡು ಪುಟದ ಮಾದರಿ ಒಪ್ಪಂದವನ್ನು ಕನ್ನಡದಲ್ಲಿ ಸಿದ್ಧಪಡಿಸಿ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಸಿಗುವಂತೆ ಮಾಡಬೇಕೆಂದು ಕೋರುತ್ತೇವೆ.

– ಇಮೇಲ್ ಸರ್ವರ್ ನಿರ್ವಾಹಕರು, ತುಮಕೂರು