ಭಾನುವಾರದ ಮಾತುಕತೆಗೆ: 1943ರ ಇಟಲಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ ಎರಡನೇ ಮಹಾಯುದ್ಧದ ಇಟಲಿ ಬಗ್ಗೆ ಮಾತಾಡೋಣ. 1943ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ಓದಿಕೊಂಡು ಬಂದರೆ ಸಾಕು, ಅಷ್ಟರಲ್ಲೇ ಬೇಕಾದಷ್ಟಿದೆ.

ಜುಲೈ 10ಕ್ಕೆ ಮಿತ್ರಪಡೆಗಳು ಸಿಸಿಲಿಯಲ್ಲಿ ಇಳಿದವು. 19ಕ್ಕೆ ರೋಮ್ ಮೇಲೆ ಬಾಂಬ್ ಬಿತ್ತು. 25ರ ನಸುಕಿನಲ್ಲಿ ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಸ್ವಂತ ಪಕ್ಷದ ಮಹಾಮಂಡಳಿಯೇ ಅವನ ವಿರುದ್ಧ ಮತ ಹಾಕಿತು. ಅಳಿಯ ಚಾನೊ ಕೂಡ! ಅದೇ ಸಂಜೆ ಅರಸನನ್ನು ನೋಡಲು ಹೋದವನನ್ನು ಆಂಬುಲೆನ್ಸ್‌ಗೆ ಹತ್ತಿಸಿ ಕರೆದೊಯ್ದರು. ಹಾಗೆ ಬಂಧನವಾಯಿತು.

ನನ್ನನ್ನು ಜಾಸ್ತಿ ಕಾಡುವುದು ಆಮೇಲಿನದು. ಸೆಪ್ಟೆಂಬರ್ 3ಕ್ಕೆ ಮಿತ್ರಪಡೆಗಳ ಜೊತೆ ಗುಟ್ಟಾಗಿ ಕದನವಿರಾಮಕ್ಕೆ ಸಹಿ, 8ಕ್ಕೆ ಪ್ರಕಟಣೆ. ಮರುದಿನ ಬೆಳಕು ಹರಿಯುವ ಹೊತ್ತಿಗೆ ಅರಸನೂ ಮುಸೊಲಿನಿಯ ಜಾಗಕ್ಕೆ ಬಂದಿದ್ದ ಪ್ರಧಾನಿ ಬಡೊಲ್ಯೊನೂ ರೋಮ್ ಬಿಟ್ಟು ಹೊರಟಿದ್ದರು. ಏನು ಮಾಡಬೇಕೆಂಬ ಸ್ಪಷ್ಟ ಆದೇಶ ಸೈನಿಕರಿಗೆ ಇರಲಿಲ್ಲ. ಅಲ್ಲಿಯವರೆಗೆ ಇಟಲಿಯ ಜೊತೆಗಿದ್ದ ಜರ್ಮನರೇ ಅವರಲ್ಲಿ ಆರು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಹಿಡಿದು ಶಿಬಿರಗಳಿಗೆ ಸಾಗಿಸಿದರು. ತಮ್ಮನ್ನು ನಂಬಿದ ಸೈನಿಕರನ್ನು ಹೀಗೆ ನಡುನೀರಲ್ಲಿ ಕೈಬಿಟ್ಟಿದ್ದನ್ನು ನಾನಂತೂ ಒಪ್ಪಲಾರೆ. ಅರಸನಿಗೆ ಬೇರೆ ದಾರಿ ಇತ್ತಾ? ಇದನ್ನೇ ಚರ್ಚಿಸೋಣ.

ಇಟಲಿಯಲ್ಲಿ ಭಾರತದ ಡಿವಿಷನ್‌ಗಳೂ ಹೋರಾಡಿವೆ, ಅದು ಮುಂದಿನ ವಾರಕ್ಕಿರಲಿ. ಎಲ್ಲಿಯದೆಂದು ಗೊತ್ತಿಲ್ಲದ ಫಾರ್ವರ್ಡ್ ಫೋಟೋ ಸುಮ್ನೆ ಹಾಕಬೇಡಿ. ಒಳ್ಳೆಯ ಭೂಪಟ ಇದ್ದವರು ಶನಿವಾರದೊಳಗೆ ಇಲ್ಲಿ ಹಾಕಿ.