ಹುಳು ನಿಧಾನ, ಕಣ್ಣು ದಾರದ ಮೇಲೆ

ಜೂನ್ ತಿಂಗಳ ಮೊದಲ ಶನಿವಾರ ಟೆಕ್ಸಸ್‌ನಲ್ಲಿ ಯಾರು ಬೇಕಾದರೂ ಲೈಸೆನ್ಸ್ ಇಲ್ಲದೆ ಗಾಳ ಹಾಕಬಹುದು. ಉಳಿದ ದಿನ 17 ತುಂಬಿದವರಿಗೆ ಲೈಸೆನ್ಸ್ ಬೇಕು; ಸ್ಟೇಟ್ ಪಾರ್ಕಿನೊಳಗೆ ದಡದಲ್ಲಿ ನಿಂತು ಹಿಡಿಯುವವರಿಗೆ ಅದೂ ಬೇಡ. ಹಲವು ಪಾರ್ಕುಗಳಲ್ಲಿ ಕೋಲು, ರೀಲು ಎರವಲು ಕೊಡುತ್ತಾರೆ. ಬೇಸಿಗೆ ರಜೆ ಬಂತೆಂದರೆ ನಮ್ಮ ಕನ್ನಡ ಸಂಘದ ಎಷ್ಟೋ ಮನೆಗಳಲ್ಲಿ ಮಕ್ಕಳು ಮೀನಿನ ರಾಗ ತೆಗೆಯುತ್ತಾರೆ. ಹಾಗಾಗಿ ಈ ಸಂಚಿಕೆಯ ಸಂಪಾದಕೀಯ ಲಾರ್ಜ್‌ಮೌತ್ ಬಾಸ್ ಎಂಬ ದೊಡ್ಡ ಬಾಯಿಯ ಸಿಹಿನೀರಿನ ಮೀನಿಗೂ ಅದನ್ನು ಹಿಡಿಯುವ ಪ್ಲಾಸ್ಟಿಕ್ ಹುಳುವಿಗೂ ಮೀಸಲು.

ಗಾಳಕ್ಕೆ ಸಿಕ್ಕಿಸುವ ತಿನಿಸಿಗೆ ಕನ್ನಡದಲ್ಲಿ ಎರೆ ಎನ್ನುತ್ತೇವೆ. 1949ರಲ್ಲಿ ಒಹಾಯೋದ ಆಕ್ರನ್‌ನಲ್ಲಿ ನಿಕ್ ಕ್ರೀಮ್ ಎಂಬವರು ಎರೆಹುಳುವನ್ನೇ ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹೊಯ್ದು ಮಾರಾಟಕ್ಕೆ ತಂದರು. ಮುಂದೆ ಆ ಕಂಪನಿ ನಮ್ಮ ಪೂರ್ವ ಟೆಕ್ಸಸ್‌ನ ಟೈಲರ್ ಊರಿಗೇ ಬಂತು. ಈ ಸೀಮೆಯ ಸರೋವರಗಳು ಹೆಚ್ಚುಕಡಿಮೆ ಎಲ್ಲವೂ ಅಣೆಕಟ್ಟಿನ ಹಿನ್ನೀರು. ಡಾಲಸ್‌ನಿಂದ ಪೂರ್ವಕ್ಕೆ ಸುಮಾರು ಒಂದೂವರೆ ಗಂಟೆ ದಾರಿಯ ಲೇಕ್ ಫೋರ್ಕ್‌ನಲ್ಲಿ ಮುಳುಗಿದ ಮರಗಳು ಇನ್ನೂ ನಿಂತೇ ಇವೆ. ರಾಜ್ಯದ ದಾಖಲೆಯ 18.18 ಪೌಂಡಿನ ಬಾಸ್ ಸಿಕ್ಕಿದ್ದು ಅಲ್ಲೇ, 1992ರ ಜನವರಿಯಲ್ಲಿ. ಕೊಂಬೆ, ಕೊರಡು, ಜೊಂಡು ತುಂಬಿದ ಇಂಥ ನೀರಿಗೆ ಬರಿ ಕೊಕ್ಕೆ ಎಸೆದರೆ ಮೊದಲ ಎಸೆತಕ್ಕೇ ಸಿಕ್ಕಿಬಿದ್ದು ದಾರ ಕಡಿಯಬೇಕಾಗುತ್ತದೆ. ಬಾಸ್ ಕಾದು ಕೂರುವುದಂತೂ ಅದೇ ಜಾಗದಲ್ಲಿ. ನಮ್ಮ ಕೆರೆಗಳ ಕೊರವ ಮೀನಿನಂತೆ ಅದೂ ಮರೆಯಲ್ಲಿ ಅಲುಗದೆ ನಿಂತು, ಹತ್ತಿರ ಬಂದದ್ದನ್ನು ಗಬಕ್ಕನೆ ಒಳಗೆಳೆದುಕೊಳ್ಳುವ ಜಾತಿ. ಆದ್ದರಿಂದ ಕೊಕ್ಕೆಯ ಮೊನೆಯನ್ನು ಹುಳುವಿನ ಮೈಯೊಳಗೇ ಬಚ್ಚಿಡುವ ಜೋಡಣೆ ಬೇಕು. ಅದನ್ನೇ ಟೆಕ್ಸಸ್ ರಿಗ್ ಎನ್ನುವುದು. ಕಲಿಯುವವರು ಮೊದಲ ವರ್ಷ ಇದೊಂದನ್ನೇ ಹಿಡಿದುಕೊಳ್ಳಲಿ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಬೇಕಾದ ಸಾಮಾನು ಸ್ವಲ್ಪವೇ. ಆರೂವರೆಯಿಂದ ಏಳಡಿಯ, ತುದಿಯಲ್ಲಷ್ಟೇ ಬಾಗುವ ಗಟ್ಟಿ ಕೋಲು. 12 ಪೌಂಡು ಭಾರ ತಡೆಯುವ ದಾರ. ಆರೇಳು ಇಂಚಿನ ಹುಳು. ಕುತ್ತಿಗೆಯಲ್ಲಿ ಮೆಟ್ಟಿಲಿನಂತೆ ಬಾಗಿರುವ 3/0 ಅಳತೆಯ ಕೊಕ್ಕೆ. ಬಂದೂಕಿನ ಗುಂಡಿನ ಆಕಾರದ, ಔನ್ಸಿನ ಎಂಟನೇ ಒಂದು ಭಾಗ ತೂಗುವ, ನಡುವೆ ತೂತಿರುವ ಗುಂಡು. ಜೊಂಡು ದಟ್ಟವಾಗಿದ್ದರೆ ಅಥವಾ ಗಾಳಿ ಜೋರಿದ್ದರೆ ಗುಂಡಿನ ತೂಕವನ್ನು ಕಾಲು ಔನ್ಸಿಗೆ ಏರಿಸಬಹುದು. ತಿಳಿನೀರಿಗೆ ಕುಂಬಳದ ಹಸಿರು ಬಣ್ಣದ ಹುಳು, ಕೆಂಪು ರಾಡಿಗೆ ಕಪ್ಪು-ನೀಲಿ. ಅಂಗಡಿಯ ಗೋಡೆ ತುಂಬ ತೂಗುಹಾಕಿರುವ ಉಳಿದ ನೂರು ಬಣ್ಣಗಳಿಗೆ ದುಡ್ಡು ಸುರಿಯಬೇಡಿ.

ದಾರವನ್ನು ಮೊದಲು ಗುಂಡಿನೊಳಗೆ ಪೋಣಿಸಿ; ಗುಂಡಿನ ಚೂಪು ಭಾಗ ಕೋಲಿನ ಕಡೆಗಿರಬೇಕು. ಆಮೇಲೆ ಕೊಕ್ಕೆ ಕಟ್ಟಿ, ಗಂಟು ಬಿಗಿಯುವ ಮುನ್ನ ಎಂಜಲು ಹಚ್ಚಿ. ಒಣಗಂಟು ಬಿಗಿಯುವಾಗ ಉಜ್ಜಿ ಬಿಸಿಯಾಗಿ ದಾರ ಅಲ್ಲೇ ಸೋಲುತ್ತದೆ. ಈಗ ಕೊಕ್ಕೆಯ ಮೊನೆಯನ್ನು ಹುಳುವಿನ ತಲೆಯ ನಟ್ಟನಡುವೆ ಕಾಲು ಇಂಚು ಇಳಿಸಿ ಪಕ್ಕದಿಂದ ಹೊರತೆಗೆಯಿರಿ. ದಾರ ಕಟ್ಟಿದ ಕೊಕ್ಕೆಯ ಕಣ್ಣು ಹುಳುವಿನ ತಲೆಯೊಳಗೆ ಅಡಗುವವರೆಗೆ ಎಳೆದು, ಕೊಕ್ಕೆಯನ್ನು ಅರ್ಧ ಸುತ್ತು ತಿರುಗಿಸಿ. ಮೊನೆ ಹುಳುವಿನ ಕಡೆ ಮುಖ ಮಾಡುತ್ತದೆ. ಇಲ್ಲಿ ಆತುರಪಡಬಾರದು. ಹುಳುವನ್ನು ತಾನಾಗಿ ಜೋಲುಬಿಟ್ಟು, ಕೊಕ್ಕೆಯ ಬಾಗು ಅದರ ಮೈಯನ್ನು ಎಲ್ಲಿ ಮುಟ್ಟುತ್ತದೆ ಎಂದು ಉಗುರಿನಿಂದ ಗುರುತು ಮಾಡಿ, ಅದೇ ಜಾಗಕ್ಕೆ ಮೊನೆಯನ್ನು ನೇರವಾಗಿ ಚುಚ್ಚಿ ಆಚೆ ತೆಗೆಯಿರಿ. ಬಳಿಕ ಹೊರಬಂದ ಮೊನೆಯನ್ನು ಹುಳುವಿನ ಸಿಪ್ಪೆಗೆ ಕೂದಲೆಳೆಯಷ್ಟು ಮಾತ್ರ ಸಿಕ್ಕಿಸಿ. ಬೆರಳಾಡಿಸಿದರೆ ಮೊನೆ ತಗಲಬಾರದು, ಒತ್ತಿದರೆ ತಗಲಬೇಕು.

ಗುರುತು ಒಂದು ನೂಲು ಹಿಂದೆಮುಂದೆ ಆದರೂ ಹುಳು ಗೂನಾಗುತ್ತದೆ ಇಲ್ಲವೇ ಹಿಗ್ಗುತ್ತದೆ. ಗೂನುಹುಳು ನೀರಿನಲ್ಲಿ ಗಿರಗಿರನೆ ತಿರುಗಿ ದಾರವನ್ನೂ ಹುರಿಗಟ್ಟಿಸುತ್ತದೆ, ಬಾಸ್ ಅದರ ಹತ್ತಿರ ಸುಳಿಯುವುದೂ ಕಡಿಮೆ. ಎಸೆಯುವ ಮೊದಲು ಕಾಲ ಬಳಿಯ ನೀರಿನಲ್ಲಿ ಒಮ್ಮೆ ಎಳೆದು ನೋಡಿದರೆ ಗೊತ್ತಾಗಿಬಿಡುತ್ತದೆ. ಹುಳುಗಳನ್ನು ಅವು ಬಂದ ಚೀಲದಲ್ಲೇ ನೆಟ್ಟಗೆ ಮಲಗಿಸಿಡಿ. ಡಬ್ಬಿಯಲ್ಲಿ ಮಡಚಿಟ್ಟರೆ ಆ ಮಡಿಕೆ ಉಳಿದುಬಿಡುತ್ತದೆ. ಬೇರೆ ಪ್ಲಾಸ್ಟಿಕ್ ಸಾಮಾನಿಗೆ ತಾಗಿಸಿಟ್ಟರೆ ಎರಡೂ ಕರಗಿ ಅಂಟಿಕೊಳ್ಳುವುದುಂಟು.

ಇನ್ನು ಎಸೆತ. ಹೊಸಬರು ಮೀನು ಕಳೆದುಕೊಳ್ಳುವುದು ಬಹುಪಾಲು ಇಲ್ಲಿಯೇ. ಹುಳು ನೀರಿಗೆ ಬಿದ್ದೊಡನೆ ರೀಲು ಸುತ್ತಲು ಕೈ ತುರಿಸುತ್ತದೆ. ಸುತ್ತಬೇಡಿ. ದಾರವನ್ನು ತುಸು ಸಡಿಲ ಬಿಟ್ಟು ಹುಳು ತಳಕ್ಕೆ ಇಳಿಯುವವರೆಗೆ ಮನಸ್ಸಿನಲ್ಲೇ ಎಣಿಸಿ. ಹಲವು ಸಲ ಬಾಸ್ ಹುಳುವನ್ನು ಹಿಡಿಯುವುದು ಅದು ಬೀಳುತ್ತಿರುವಾಗಲೇ. ಹಿಂದಿನ ಎಸೆತದಲ್ಲಿ ತಳ ಮುಟ್ಟಲು ಎಂಟು ಎಣಿಕೆ ಬೇಕಾಗಿದ್ದು, ಈ ಸಲ ನಾಲ್ಕಕ್ಕೇ ದಾರ ಸಡಿಲಾಯಿತೆಂದರೆ ಹುಳು ಮೀನಿನ ಬಾಯಲ್ಲಿದೆ ಎಂದೇ ತಿಳಿಯಿರಿ. ನೀರಿನ ಮೇಲಿನ ದಾರ ಸಣ್ಣಗೆ ಜಿಗಿದರೂ ಪಕ್ಕಕ್ಕೆ ಸರಿದರೂ ಅದೇ ಅರ್ಥ. ಕೈಗೆ ಏನೂ ತಿಳಿಯದಿದ್ದಾಗ ಕಣ್ಣಿಗೆ ತಿಳಿಯುತ್ತದೆ, ಅದಕ್ಕೇ ನೋಟ ದಾರ ಬಿಟ್ಟು ಕದಲಬಾರದು.

ತಳ ಮುಟ್ಟಿದ ಮೇಲೆ ಹತ್ತರವರೆಗೆ ಎಣಿಸಿ. ಹುಳುವನ್ನು ಆಡಿಸುವುದು ಕೋಲಿನ ಕೆಲಸ, ರೀಲಿನದಲ್ಲ. ಗಡಿಯಾರದ ಒಂಬತ್ತರ ಮುಳ್ಳಿನಂತೆ ಅಡ್ಡವಾಗಿದ್ದ ಕೋಲನ್ನು ಹನ್ನೊಂದರವರೆಗೆ ನಿಧಾನ ಎತ್ತಿ, ಹುಳು ಮತ್ತೆ ಬೀಳಲು ಬಿಟ್ಟು, ಉಳಿದ ಸಡಿಲನ್ನಷ್ಟೇ ಸುತ್ತಿಕೊಳ್ಳಿ. ಒಂದು ಎಸೆತ ದಡಕ್ಕೆ ಬರಲು ಎರಡು ಮೂರು ನಿಮಿಷ ಹಿಡಿಯಬೇಕು. ಕೊರಡಿಗೆ ತಾಗಿದಾಗ ಜಗ್ಗದೆ, ಮೆಲ್ಲಗೆ ಎತ್ತಿ ಅದರ ಮೇಲಿಂದ ಇಳಿಬಿಡಿ. ಆ ಇಳಿತದಲ್ಲೇ ಕಚ್ಚುವ ಮೀನು ಹೆಚ್ಚು.

ಟಕಟಕಟಕ ಎಂದು ಬಿಡದೆ ಕುಟುಕಿದರೆ ಅದು ಬಾಲ ಕಡಿಯುವ ಬ್ಲೂಗಿಲ್ ಎಂಬ ಪುಟ್ಟ ಮೀನಿನ ಮರಿ. ಬಾಸ್ ಆದರೆ ಒಂದೇ ಸಲ ‘ಟಕ್’, ಆಮೇಲೆ ಒದ್ದೆಬಟ್ಟೆ ಎಳೆದಂಥ ಭಾರ. ಆಗ ಕೋಲು ತಗ್ಗಿಸಿ, ಸಡಿಲು ಸುತ್ತಿ, ಎರಡೂ ಕೈಯಿಂದ ಜೋರಾಗಿ ಮೇಲಕ್ಕೆ ಎಳೆಯಬೇಕು. ಮೊನೆ ಮೊದಲು ಪ್ಲಾಸ್ಟಿಕ್ಕನ್ನು ದಾಟಿ ಆಮೇಲೆ ಗಟ್ಟಿ ದವಡೆಯನ್ನು ಹೊಗಬೇಕಲ್ಲ, ಮೆತ್ತಗೆ ಎಳೆದರೆ ಆಗದು. ಸಡಿಲು ಉಳಿದಿದ್ದರೆ ಆ ಜೋರೆಲ್ಲ ದಾರದಲ್ಲೇ ಕರಗಿ, ಹುಳು ಮಾತ್ರ ಹಿಂದಕ್ಕೆ ಬರುತ್ತದೆ.

ಜೂನ್ ಹೊತ್ತಿಗೆ ಇಲ್ಲಿನ ಬಾಸ್ ಮೊಟ್ಟೆಯಿಟ್ಟು ಮುಗಿಸಿರುತ್ತದೆ. ಬೆಳಗಿನ ಜಾವ ದಡದ ಜೊಂಡಿನಂಚು, ಬಿಸಿಲೇರಿದ ಮೇಲೆ ದೋಣಿಕಟ್ಟೆಯ ನೆರಳು ಇಲ್ಲವೇ ಆಳ ಶುರುವಾಗುವ ಅಂಚು, ಇಷ್ಟು ಹುಡುಕಿದರೆ ಸಾಕು.

ಸಿಕ್ಕ ಮೀನನ್ನು ಒದ್ದೆ ಕೈಯಿಂದಲೇ ಮುಟ್ಟಿ; ಒಣಕೈ ಅದರ ಮೈಯ ಲೋಳೆ ಕಿತ್ತುಬಿಡುತ್ತದೆ. ಹೆಬ್ಬೆರಳನ್ನು ಕೆಳತುಟಿಯೊಳಗೆ ಇಟ್ಟು ಹಿಡಿಯಬಹುದು, ಹಲ್ಲು ಉಪ್ಪುಕಾಗದದಷ್ಟೇ ಒರಟು. ದೊಡ್ಡ ಮೀನಾದರೆ ಇನ್ನೊಂದು ಕೈಯಿಂದ ಹೊಟ್ಟೆಗೆ ಆಧಾರ ಕೊಡಿ. ಬರಿ ತುಟಿಯಿಂದ ಅಡ್ಡಡ್ಡ ಎತ್ತಿದರೆ ದವಡೆ ಹಾಳಾಗಿ, ಬಿಟ್ಟ ಮೇಲೆ ಅದಕ್ಕೆ ಬೇಟೆ ಹಿಡಿಯುವುದು ಕಷ್ಟವಾಗಬಹುದು. ಬೇಸಿಗೆಯ ಬೆಚ್ಚನೆ ನೀರಿನಲ್ಲಿ ಆಮ್ಲಜನಕ ಕಡಿಮೆ, ಫೋಟೊ ಬೇಗ ಮುಗಿಸಿ.

ಮನೆಗೆ ಒಯ್ಯುವುದಾದರೆ ಬಾಯಿ ಮುಚ್ಚಿಸಿ, ಬಾಲ ಒತ್ತಿ ಅಳೆಯಿರಿ. ರಾಜ್ಯದ ಸಾಮಾನ್ಯ ನಿಯಮ ಕನಿಷ್ಠ 14 ಇಂಚು, ದಿನಕ್ಕೆ ಐದು. ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ನಡುವಿನದನ್ನು ನೀರಿಗೇ ಬಿಡಬೇಕು, ಮೊಟ್ಟೆಯಿಡುವ ದೊಡ್ಡ ಮೀನು ಉಳಿಯಲೆಂದು. ಸರೋವರಕ್ಕೊಂದು ನಿಯಮ ಇರುವುದರಿಂದ ಹೋಗುವ ಮುನ್ನ ಆ ವರ್ಷದ ನಿಯಮಪುಸ್ತಕ ನೋಡಿಕೊಳ್ಳಿ.

ನಾಲ್ಕಾರು ಮೀನು ಕಚ್ಚಿದ ಮೇಲೆ ಹುಳುವಿನ ತಲೆ ಹರಿಯುತ್ತದೆ. ತಲೆಯ ಅರ್ಧ ಇಂಚು ಕತ್ತರಿಸಿದರೆ ಇನ್ನೊಂದು ಸುತ್ತು ಬರುತ್ತದೆ. ಅದೂ ಮುಗಿದಾಗ ದಯವಿಟ್ಟು ನೀರಿಗೆ ಎಸೆಯಬೇಡಿ. ಅದು ಕೊಳೆಯದು, ನುಂಗಿದ ಮೀನಿನ ಹೊಟ್ಟೆಯಲ್ಲೇ ಕೂರುತ್ತದೆ. ಮಕ್ಕಳ ಕೈಗೊಂದು ಖಾಲಿ ಚೀಲ ಕೊಟ್ಟು, ಹರಿದ ಹುಳು, ಕಡಿದ ದಾರದ ತುಂಡು ಎಲ್ಲವನ್ನೂ ಅದಕ್ಕೆ ಹಾಕಿಸಿ.