ಗೆಳೆಯನಿಗೊಂದು ಪತ್ರ: ಹಾಜರಿ ಪುಸ್ತಕದಲ್ಲಿ ಇಲ್ಲದ ಓಟಗಾರ್ತಿ

ಪ್ರಿಯ ಗೆಳೆಯ,

ಭಾನುವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಹಾರಿಕೆಯ ಉತ್ತರ ಕೊಟ್ಟು ಮಾತು ಬದಲಿಸಿದೆ. “ಶಾಲೆಯ ಮೆಟ್ಟಿಲನ್ನೇ ಹತ್ತದ ಹುಡುಗಿಯನ್ನು ಶಾಲೆಯ ತಂಡಕ್ಕೆ ಸೇರಿಸಿ ನಿನ್ನ ಮಗಳನ್ನು ಹೊರಗಿಟ್ಟಿದ್ದಾರೆ, ನೀನು ಬಾಯಿ ಮುಚ್ಚಿಕೊಂಡು ಕೂತಿದ್ದೀಯಲ್ಲ!” ಎಂದು ನೀನು ರೇಗಿದಾಗ ಮಗಳು ಪಕ್ಕದಲ್ಲೇ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದಳು. ಅವಳಿಗೆ ಕನ್ನಡ ಅಷ್ಟಕ್ಕಷ್ಟೆ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಸುಳ್ಳು, ಬೇಕಾದದ್ದೆಲ್ಲ ಅರ್ಥವಾಗುತ್ತದೆ. ಅದಕ್ಕೇ ಈ ಪತ್ರ.

ಮೊದಲು ಆಟದ ಲೆಕ್ಕ ಹೇಳುತ್ತೇನೆ. ಇಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಮಗಳು ಓಡುವ ಕ್ರಾಸ್ ಕಂಟ್ರಿ ಎಂದರೆ ಹುಲ್ಲು, ಮಣ್ಣು, ದಿಣ್ಣೆಗಳ ಮೇಲೆ ಐದು ಕಿಲೋಮೀಟರ್ ಓಟ. ಶಾಲೆಯ ಮೊದಲ ತಂಡದಲ್ಲಿ ಏಳು ಜನ. ಅವರಲ್ಲಿ ಮುಂದೆ ಬಂದ ಐವರ ಸ್ಥಾನಗಳನ್ನು ಕೂಡುತ್ತಾರೆ, ಮೊತ್ತ ಕಡಿಮೆ ಬಂದ ಶಾಲೆ ಗೆದ್ದಂತೆ. ಆರನೆಯವರು, ಏಳನೆಯವರು ಅಂಕ ತರುವುದಿಲ್ಲ, ಆದರೆ ಎದುರು ಶಾಲೆಯವರನ್ನು ಹಿಂದೆ ಹಾಕಿ ಅವರ ಮೊತ್ತ ಏರಿಸಬಲ್ಲರು. ನಮ್ಮ ಕಬಡ್ಡಿಯ ಹಾಗೆ ಇಲ್ಲಿಯೂ ಏಳೇ, ನೋಡು. ಮಗಳು ಕಳೆದ ವರ್ಷ ಏಳನೆಯವಳು. ಈ ಆಗಸ್ಟಿನಲ್ಲಿ ಹಿಂದಿನ ಬೀದಿಯ ಹುಡುಗಿಯೊಬ್ಬಳು ಬಂದು ಸೇರಿದಳು. ಅವಳಿಗೆ ಮೊದಲಿನಿಂದಲೂ ಮನೆಯಲ್ಲೇ ಪಾಠ, ಅಮ್ಮನೇ ಮೇಷ್ಟ್ರು. ತಂಡದೊಳಗಿನ ಮೊದಲ ಓಟದಲ್ಲೇ ಮೂರನೆಯವಳಾದಳು. ಅಲ್ಲಿಗೆ ನಮ್ಮವಳು ಎಂಟನೆಯವಳಾಗಿ ಎರಡನೇ ತಂಡಕ್ಕೆ ಇಳಿದಳು.

ಯಾರೋ ಕೋಚ್‌ನ ಕಿವಿ ಊದಿ ಆದದ್ದಲ್ಲ ಇದು, ಕಾನೂನೇ ಇದೆ. ಫ್ಲೋರಿಡಾ ರಾಜ್ಯ 1996ರಲ್ಲೇ ಮನೆಪಾಠದ ಮಕ್ಕಳಿಗೆ ಸರ್ಕಾರಿ ಶಾಲೆಯ ತಂಡಗಳಲ್ಲಿ ಆಡಲು ಅವಕಾಶ ಕೊಟ್ಟಿತು. ಹಾಗೆ ಬಂದವನೇ ಅಮೆರಿಕನ್ ಫುಟ್‌ಬಾಲ್ ಆಟಗಾರ ಟಿಮ್ ಟೀಬೋ. ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿಯನ್ನು ಮುನ್ನಡೆಸುವವನು) ಆಗಿ ಆಡಿಸುವ ಶಾಲೆ ಬೇಕೆಂದು ತಾಯಿಯೊಂದಿಗೆ ಪಕ್ಕದ ಕೌಂಟಿಗೆ ಮನೆ ಬದಲಿಸಿದವನು. 2007ರಲ್ಲಿ ಕಾಲೇಜು ಫುಟ್‌ಬಾಲ್‌ನ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಗೆದ್ದ. ಆಮೇಲೆ ಎಲ್ಲ ಕಡೆ ಇಂಥ ಮಸೂದೆಗೆ ‘ಟೀಬೋ ಮಸೂದೆ’ ಎಂದೇ ಹೆಸರಾಯಿತು. ವರ್ಜೀನಿಯಾದ ರಾಜ್ಯಪಾಲ ಟೆರಿ ಮಕಾಲಿಫ್ ಅದನ್ನು 2015, 2016, 2017, ಹೀಗೆ ಮೂರು ವರ್ಷ ಸಾಲಾಗಿ ತಳ್ಳಿಹಾಕಿದರು. ನಮ್ಮ ಟೆಕ್ಸಾಸ್ 2021ರಲ್ಲಿ ‘ಆಯಾ ಶಾಲಾ ಜಿಲ್ಲೆ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಒಪ್ಪಿದರೆ ಆಡಬಹುದು’ ಎಂದಿತು. 2025ರಲ್ಲಿ ಅದನ್ನು ತಿರುಗಿಸಿ ‘ಜಿಲ್ಲೆ ಬೇಡವೆಂದು ನಿರ್ಣಯ ಮಾಡದಿದ್ದರೆ ಆಡಬಹುದು’ ಎಂದಿತು.

ಮನೆಪಾಠದವರು ಮೊದಲು ಹೇಳುವ ಮಾತು ತೆರಿಗೆಯದು. ಇಲ್ಲಿ ಶಾಲೆ ನಡೆಯುವುದರಲ್ಲಿ ಮನೆ ತೆರಿಗೆಯ ಪಾಲು ದೊಡ್ಡದು. “ನಾವೂ ಕಟ್ಟುತ್ತೇವೆ, ಮೈದಾನ ನಮ್ಮದೂ ಹೌದು” ಎನ್ನುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಮಕ್ಕಳಿಲ್ಲದ ಮುದುಕರೂ ಕಟ್ಟುತ್ತಾರೆ. ತೆರಿಗೆ ಕಟ್ಟಿದ ಮಾತ್ರಕ್ಕೆ ಯಾರೂ ಬಸ್ಸಿನ ಸ್ಟಿಯರಿಂಗ್ ಕೇಳುವುದಿಲ್ಲ.

ನನಗೆ ನಿಜಕ್ಕೂ ಚುಚ್ಚಿದ್ದು ಬೇರೆ. ಇಲ್ಲಿ 1984ರಿಂದ ಒಂದು ನಿಯಮವಿದೆ: ಪಾಸಾಗದವರಿಗೆ ಆಟವಿಲ್ಲ. ಕೆಲವು ಕಠಿಣ ತರಗತಿಗಳನ್ನು ಬಿಟ್ಟರೆ, ಒಂದೇ ಒಂದು ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದರೂ ಮೂರು ವಾರ ಸ್ಪರ್ಧೆಗೆ ಇಳಿಯುವಂತಿಲ್ಲ. ಕಳೆದ ವರ್ಷ ಮಗಳಿಗೆ ರಸಾಯನಶಾಸ್ತ್ರದಲ್ಲಿ 71 ಬಂದಾಗ ನಮ್ಮ ಮನೆಯಲ್ಲಿ ಸೂತಕದ ಕಳೆ. ರಾತ್ರಿ ಹನ್ನೊಂದಕ್ಕೆ ಊಟದ ಮೇಜಿನ ಮೇಲೆ ಸಮೀಕರಣ, ಬೆಳಿಗ್ಗೆ ಐದೂವರೆಗೆ ಮೈದಾನ. ಆ ಹುಡುಗಿಗೆ? ಶುರುವಿನಲ್ಲಿ ರಾಷ್ಟ್ರಮಟ್ಟದ ಒಂದು ಪರೀಕ್ಷೆಯಲ್ಲಿ ತನ್ನ ತರಗತಿಗೆ ತಕ್ಕ ಅಂಕ ತೋರಿಸಬೇಕು, ಸರಿ. ಆಮೇಲೆ ಆಗಾಗ್ಗೆ ‘ಎಲ್ಲ ವಿಷಯಗಳಲ್ಲಿ ಪಾಸಾಗುತ್ತಿದ್ದಾಳೆ’ ಎಂದು ಮನೆಯಿಂದ ಬರೆದುಕೊಟ್ಟರೆ ಸಾಕು. ಪಾಠ ಹೇಳುವವಳು ಅಮ್ಮ, ಅಂಕ ಹಾಕುವವಳು ಅಮ್ಮ, ರುಜು ಹಾಕುವವಳೂ ಅಮ್ಮ. ಇನ್ನೊಂದು ಕಿಂಡಿಯನ್ನು ಮಾತ್ರ ಮುಚ್ಚಿದ್ದಾರೆ: ಶಾಲೆಯಲ್ಲಿ ಓದುತ್ತಿದ್ದವರು ನಡುವೆ ಬಿಟ್ಟು ಮನೆಪಾಠಕ್ಕೆ ಹೋದರೆ ಆ ವರ್ಷ ಆಡುವಂತಿಲ್ಲ. ಫೇಲಾದವರು ಹಿತ್ತಲ ಬಾಗಿಲಿನಿಂದ ಬರದಿರಲಿ ಎಂದು.

ಈ ಸಿಟ್ಟಿನಲ್ಲೇ ಶಾಲಾ ಮಂಡಳಿಗೆ ಒಂದು ಪತ್ರ ಬರೆದಿಟ್ಟಿದ್ದೆ. ಕಳುಹಿಸಲಿಲ್ಲ. ಏಕೆಂದರೆ ನನಗೆ ನೀನು ನೆನಪಾದೆ.

ಒಂಬತ್ತನೇ ತರಗತಿಯ ತಾಲ್ಲೂಕು ಕ್ರೀಡಾಕೂಟ. ಏಳನೇ ತರಗತಿಗೇ ಶಾಲೆ ಬಿಟ್ಟು ಬಸ್ ನಿಲ್ದಾಣದ ಗ್ಯಾರೇಜಿಗೆ ಸೇರಿದ್ದನಲ್ಲ ಆ ಹುಡುಗ, ಸಂಜೆಯಾದರೆ ಗ್ರೀಸಿನ ಕೈಯಲ್ಲೇ ನಮ್ಮ ಜೊತೆ ಕಬಡ್ಡಿಗೆ ಇಳಿಯುತ್ತಿದ್ದ. ಅವನು ಹಿಡಿದ ಕಾಲನ್ನು ಬಿಡಿಸಿಕೊಂಡು ಹೋದವರನ್ನು ನಾನು ನೋಡಿಲ್ಲ. ಪಿ.ಟಿ. ಮೇಷ್ಟ್ರು ಹಿಂದಿನ ರಾತ್ರಿ ನಿಮ್ಮ ಮನೆಗೆ ಬಂದು, ನಿಮ್ಮ ತಂದೆಯ ಎದುರು ಕಾಫಿ ಕುಡಿಯುತ್ತಾ, ನಾಳೆ ನಿನ್ನ ಹೆಸರಿನಲ್ಲಿ ಅವನು ಆಡಲಿ ಎಂದರು. ಮರುದಿನ ರೆಫರಿ ಸುಣ್ಣದ ಗೆರೆಯ ಆಚೆ ನಿಂತು ಪಟ್ಟಿ ಓದಿದರು. ನಿನ್ನ ಹೆಸರು ಬಂದಾಗ ಅವನು ಸುಮ್ಮನೆ ನಿಂತಿದ್ದ, ನೀನು ಹಿಂದಿನಿಂದ “ಬಂದೆ ಸಾರ್” ಎಂದು ಎದ್ದೆ. ಮೇಷ್ಟ್ರು ನಿನ್ನ ಭುಜ ಒತ್ತಿ ಕೂರಿಸಿದರು. ಆಗ ನಾನು ನಕ್ಕೆ. ಅದಕ್ಕೆ ಕ್ಷಮೆ ಕೇಳುವುದು ಮೂವತ್ತು ವರ್ಷಗಳಿಂದ ಬಾಕಿ ಇದೆ.

ಎರಡೂ ಒಂದೇ ಅಲ್ಲ ಎಂದು ನೀನು ಹೇಳುತ್ತೀಯ. ನಿಜ. ಅವನನ್ನು ಮನೆಯ ಬಡತನ ಶಾಲೆ ಬಿಡಿಸಿತು, ಇವಳ ಮನೆಯವರು ಬೇಕೆಂದೇ ಶಾಲೆಯಿಂದ ದೂರ ಉಳಿದರು. ಆದರೆ ಆ ಆಯ್ಕೆ ಅಪ್ಪ ಅಮ್ಮನದು, ಹದಿನೈದರ ಹುಡುಗಿಯದಲ್ಲ. ಮತ್ತೆ, ಇವಳು ತನ್ನ ಹೆಸರಿನಲ್ಲೇ ಓಡುತ್ತಿದ್ದಾಳೆ. ನಮ್ಮ ಹುಡುಗನಿಗೆ ಅಷ್ಟೂ ಸಿಗಲಿಲ್ಲ. ಬೆಳಗಿನ ಅಭ್ಯಾಸಕ್ಕೆ ಎಲ್ಲರಿಗಿಂತ ಮೊದಲು ಬಂದು ಕತ್ತಲಲ್ಲಿ ನೀರಿನ ಡಬ್ಬಗಳನ್ನು ಇಳಿಸುವವಳೂ ಅವಳೇ. ಹಾಗಾಗಿ ನನ್ನ ಮಟ್ಟಿಗೆ ಅವಳು ಆಡಲಿ. ಅಂಕವನ್ನು ಮಾತ್ರ ಅಮ್ಮನಲ್ಲದೆ ಬೇರೆಯವರು ಹಾಕಲಿ, ಆರು ವಾರಕ್ಕೊಮ್ಮೆ ಶಾಲೆಗೇ ಬಂದು ಒಂದು ಕಿರುಪರೀಕ್ಷೆ ಬರೆಯಲಿ. ಮಂಡಳಿಗೆ ಈಗ ಅಷ್ಟನ್ನೇ ಕೇಳಿ ಬರೆದಿದ್ದೇನೆ.

ಮಗಳನ್ನು ಕೇಳಿದೆ, ಬೇಜಾರಿಲ್ಲವೇ ಎಂದು. “ಬೇಜಾರಿದೆ. ಹನ್ನೊಂದು ಸೆಕೆಂಡಿನಷ್ಟು ಬೇಜಾರು” ಎಂದಳು. ಏಳನೆಯವಳಿಗೂ ಇವಳಿಗೂ ಈಗ ಇರುವ ಅಂತರ ಅಷ್ಟೇ ಅಂತೆ.

ಅಂದ ಹಾಗೆ, ಆ ವರ್ಷದ ಪ್ರಶಸ್ತಿ ಪತ್ರ ನಿನ್ನ ಹತ್ತಿರವೇ ಇರಬೇಕಲ್ಲವೇ, ನಿನ್ನ ಹೆಸರಿನದು? ಅವನು ಈಗ ಅದೇ ರಸ್ತೆಯಲ್ಲಿ ಸ್ವಂತ ಗ್ಯಾರೇಜು ಇಟ್ಟಿದ್ದಾನೆಂದು ನೀನೇ ಹೇಳಿದ್ದೆ. ಡಿಸೆಂಬರ್‌ನಲ್ಲಿ ಬಂದಾಗ ಅದನ್ನು ತೆಗೆದಿಟ್ಟಿರು, ಇಬ್ಬರೂ ಹೋಗಿ ಕೊಟ್ಟು ಬರೋಣ.

ನಿನ್ನ ಗೆಳೆಯ